ಭಂಗಾರದೊಳಗಿನ ಬಂಗಾರ

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನನ್ನು ಬೆಚ್ಚಿಸುವ ಮಾತುಗಳಲ್ಲಿ ‘ಭಂಗಾರ’ ಎಂಬುದೂ ಒಂದು. ಬೆಳಗಿನ ಹೊತ್ತು ಕೈಗಾಡಿಯವನು ‘ಭಂಗಾರ್, ಭಂಗಾರ್’ ಎಂದು ಕೂಗುತ್ತ ಹೋಗುವಾಗ, ಊರಿನಿಂದ ಬಂದ ಅಜ್ಜಿಯರು ಹೀಗೆ ಬೀದಿಯಲ್ಲಿ ಕೂಗಿ ಮಾರುವ ಚಿನ್ನ ಯಾವುದಪ್ಪಾ ಎಂದು ಕಿಟಕಿಯಿಂದ ಇಣುಕುವುದುಂಟು. ಪಾಪ, ಅವನು ಮಾರುವವನೂ ಅಲ್ಲ. ಒಡೆದ ಬಕೆಟ್ಟು, ತುಕ್ಕು ಹಿಡಿದ ಕಬ್ಬಿಣ, ತಿರುಗದ ಪಂಖ ಇವನ್ನು ತೂಕಕ್ಕೆ ಕೊಳ್ಳುವವನು. ನಮ್ಮ ಬಂಗಾರಕ್ಕೂ ಇಲ್ಲಿನ ಭಂಗಾರಕ್ಕೂ ಇರುವ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ಈ ಎರಡು ಮಾತುಗಳೂ ಒಂದೇ ವಸ್ತುವಿಗೆ ಸಲ್ಲುವ ಪ್ರಸಂಗವೂ ಈ ನಗರದಲ್ಲಿ ಒದಗುವುದುಂಟು. ಹಳೆಯ ಗ್ರಾಮಾಫೋನು ತಟ್ಟೆಗಳೇ ಅದಕ್ಕೆ ಸಾಕ್ಷಿ.

ನಾನು ಬ್ಯಾಂಕೊಂದರಲ್ಲಿ ಗುಮಾಸ್ತ. ಬಿ.ಕಾಂ. ಓದಿ ಜಮಾ-ಖರ್ಚು ಬರೆಯುವುದನ್ನು ಕಲಿತವನೇ ಹೊರತು ಸಂಗೀತಶಾಸ್ತ್ರವನ್ನು ಕಲಿತವನಲ್ಲ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಆ ದಿನಗಳಲ್ಲಿ ಚೋರ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳಲ್ಲಿ, ಕೋಟೆ ಭಾಗದ ಫುಟ್‌ಪಾತುಗಳಲ್ಲಿ, ಉಪನಗರಗಳ ರದ್ದಿ ಅಂಗಡಿಗಳಲ್ಲಿ ತಟ್ಟೆಗಳ ಕಟ್ಟುಗಳನ್ನು ಕೆದಕುವುದು ಕೆಲವು ವರ್ಷಗಳಿಂದ ನನಗೆ ಹತ್ತಿದ ಹುಚ್ಚು. ಲತಾ, ರಫಿ, ಮುಕೇಶರ ತಟ್ಟೆಗಳಿಗೆ ಗಿರಾಕಿಗಳು ಇದ್ದೇ ಇದ್ದಾರೆ. ನಾನು ಹುಡುಕುವುದು ಯಾರೂ ಕೇಳದವನ್ನು: 1960ರ ದಶಕದಲ್ಲಿ, ಬೀಟಲ್ಸರ ಗಾಳಿ ಲೋಕದಲ್ಲೆಲ್ಲ ಬೀಸಿದಾಗ, ನಮ್ಮ ದೇಶದ ನಗರಗಳಲ್ಲಿ ಹುಟ್ಟಿ ಕೆಲವೇ ವರ್ಷಗಳಲ್ಲಿ ಕರಗಿಹೋದ ಗಿಟಾರು ಗುಂಪುಗಳ ತಟ್ಟೆಗಳನ್ನು. ರಾಜ್ಯೋತ್ಸವದ ಸಂಚಿಕೆಗೆ ಇದೆಂತಹ ವಿಷಯವೆಂದು ಹಿರಿಯರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿ ಆಮೇಲೆ ತೀರ್ಪು ಕೊಡಬೇಕೆಂದು ಪ್ರಾರ್ಥನೆ.

ತಟ್ಟೆಯ ಜಾತಕ

ಮೊದಲು ತಟ್ಟೆಯ ಜಾತಕವನ್ನು ಸಂಕ್ಷೇಪವಾಗಿ ನೋಡೋಣ. ಲಂಡನ್ನಿನ ಗ್ರಾಮಾಫೋನು ಕಂಪನಿಯು ಗೈಸ್‌ಬರ್ಗ್ ಎಂಬ ತಜ್ಞನನ್ನು ಹಿಂದೂಸ್ಥಾನಕ್ಕೆ ಕಳುಹಿಸಿದ್ದು 1902ರಲ್ಲಿ. ಕಲಕತ್ತೆಯಲ್ಲಿ ಅವನ ಕಹಳೆಯ ಮುಂದೆ ಹಾಡಿದವರಲ್ಲಿ ಗೌಹರ್ ಜಾನರು ಪ್ರಮುಖರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಅದಕ್ಕಾಗಿ ಗೌಹರ್ ಜಾನರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ನೂರಿಪ್ಪತ್ತು ವರ್ಷಗಳಾದ ಮೇಲೂ ಆ ಹೆಸರು ತಟ್ಟೆಯಿಂದ ಕೇಳಿಬರುತ್ತದೆ. ಹಾಡಿನೊಡನೆ ಹೆಸರು ಉಳಿಯಬೇಕೆಂಬ ಪಾಠವನ್ನು ನಮ್ಮ ಧ್ವನಿಮುದ್ರಣದ ಇತಿಹಾಸವು ಮೊದಲ ವರ್ಷದಲ್ಲಿಯೇ ಕಲಿಸಿತು. ಅದನ್ನು ನಾವು ಎಷ್ಟರ ಮಟ್ಟಿಗೆ ನೆನಪಿನಲ್ಲಿಟ್ಟೆವೆಂಬುದೇ ಈ ಲೇಖನದ ಪ್ರಶ್ನೆ.

ಆ ಕಾಲದ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುವಂಥದು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸಿನ ಹಾಡು. ಅದರ ಮುಖ್ಯ ವಸ್ತು ಅರಗು. ಬಳೆಗಾರನಿಗೂ ಬಡಗಿಗೂ ಬೇಕಾದ ಅದೇ ಅರಗು, ದುರ್ಯೋಧನನು ಪಾಂಡವರಿಗೆ ಮನೆ ಕಟ್ಟಿಸಿಕೊಟ್ಟ ಅದೇ ಅರಗು! ಕೈತಪ್ಪಿ ಬಿದ್ದರೆ ಹಪ್ಪಳದಂತೆ ಒಡೆಯುವುದು. 1948ರಲ್ಲಿ ಅಮೇರಿಕದಲ್ಲಿ ವಿನೈಲಿನ ಲಾಂಗ್ ಪ್ಲೇ ತಟ್ಟೆಯೂ ಮರುವರ್ಷ 45 ಸುತ್ತಿನ ಪುಟ್ಟ ತಟ್ಟೆಯೂ ಬಂದವು. ಬಗ್ಗಿದರೂ ಒಡೆಯದ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡುವ ಈ ಹೊಸ ತಟ್ಟೆ ನಮ್ಮಲ್ಲಿ ಬಳಕೆಗೆ ಬರುವ ಹೊತ್ತಿಗೆ 1960ರ ದಶಕವು ಬಾಗಿಲಿಗೆ ಬಂದಿತ್ತು. ನಾನು ಹುಡುಕುವ ಗಿಟಾರು ಗುಂಪುಗಳ ಹಾಡು ಅಚ್ಚಾದದ್ದು ಇಂಥವುಗಳಲ್ಲಿ.

ಗಾಂಧಾರಿ ಮತ್ತು ಕರ್ನಾಟಕಿ

ಗಿಟಾರಿನ ಹುಡುಗರಿಗಿಂತ ಮೊದಲು ಅವರ ಹಿರಿಯರನ್ನು ನೆನೆಯುವುದು ಯುಕ್ತ. ಏಕೆಂದರೆ ಕನ್ನಡ ನಾಡಿನ ಕಂಠಗಳು ತಟ್ಟೆಯ ಮೂಲಕ ಲೋಕಕ್ಕೆ ಹೊರಟದ್ದು ಅನೇಕ ಸಲ ಈ ಮುಂಬಯಿಯಿಂದಲೇ. ಮಲ್ಲಿಕಾರ್ಜುನ ಮನ್ಸೂರರು ತರುಣರಾಗಿದ್ದಾಗ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗೆ ಹಾಡಿದ ಗೌಡಮಲ್ಹಾರ ಮತ್ತು ಅಡಾಣಾ ರಾಗಗಳ ತಟ್ಟೆಯು ಇಲ್ಲಿನ ಸಂಗೀತಗಾರರ ಕಿವಿಗೆ ಬಿದ್ದು, ಅವರಿಗೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯತ್ವವು ದೊರೆಯಲು ದಾರಿಯಾಯಿತು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ತಟ್ಟೆ ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತಿರುವಂಥದು. ನಮ್ಮಲ್ಲಿ ಕೆಲವರು ಬರಗಾಲದಿಂದ ಊರು ಬಿಟ್ಟೆವು, ಕೆಲವರು ನೌಕರಿಗಾಗಿ ಬಿಟ್ಟೆವು. ಮೂರು ನಿಮಿಷದ ಹಾಡಿಗಾಗಿ ಊರು ಬಿಟ್ಟವರೂ ಇದ್ದಾರೆ.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಬಾಲಕಿ, ಮುಂದೆ ಗಂಗೂಬಾಯಿ ಹಾನಗಲ್ಲರೆಂದು ದೇಶವೆಲ್ಲ ಕೊಂಡಾಡಿದವರು, 1930ರ ದಶಕದಲ್ಲಿ ಮುಂಬಯಿಯಲ್ಲಿ ತಟ್ಟೆಗಳಿಗೆ ಹಾಡಿದರು. ಆ ಮೊದಮೊದಲ ತಟ್ಟೆಗಳಲ್ಲಿ ಅವರ ಹೆಸರು ಗಂಗೂಬಾಯಿ ಎಂದಿಲ್ಲ, ಗಾಂಧಾರಿ ಎಂದಿದೆ. ಈ ಸಂಗತಿ ತಿಳಿಯದವನು ಆ ತಟ್ಟೆಯನ್ನು ಕೈಯಲ್ಲಿ ಹಿಡಿದೂ ಬದಿಗಿಟ್ಟು ಹೋದಾನು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶಕರರ ಹೆಸರೇ ಇರಲಿಲ್ಲ. ಚಿತ್ರದ ಪಾತ್ರವಾದ ‘ಕಾಮಿನಿ’ಯ ಹೆಸರನ್ನು ಅಚ್ಚು ಹಾಕಿದ್ದರು. ನಡುವಿನ ಆ ಬಿಲ್ಲೆಗಾತ್ರದ ಕಾಗದದ ಮೇಲೆ ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂಬುದರಲ್ಲಿ ಒಂದು ಕಾಲದ ಚರಿತ್ರೆಯೇ ಅಡಗಿದೆ.

ಇನ್ನೊಂದು ಹೆಸರು ಅಮೀರ್‌ಬಾಯಿ ಕರ್ನಾಟಕಿ. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಬಂದು, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಭಾರತದ ಮನೆಮಾತಾಗಿ, 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಜೀವನವನ್ನು ಪುಸ್ತಕವಾಗಿ ಬರೆದು ಉಪಕಾರ ಮಾಡಿದ್ದಾರೆ. ಏಕೀಕರಣವಾದದ್ದು 1956ರ ನವೆಂಬರ್ 1ರಂದು. ಆಗಲೂ ರಾಜ್ಯಕ್ಕಿದ್ದ ಹೆಸರು ಮೈಸೂರು. ಕರ್ನಾಟಕವೆಂಬ ಹೆಸರು ಸರಕಾರದ ಮೊಹರಿಗೆ ಬಂದದ್ದು 1973ರಲ್ಲಿ. ಅದಕ್ಕಿಂತ ದಶಕಗಳ ಮೊದಲೇ ಒಬ್ಬ ಗಾಯಕಿಯು ಆ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡು ಹಿಂದಿ ಮರಾಠಿ ಗುಜರಾತಿ ಶ್ರೋತೃಗಳ ಬಾಯಲ್ಲಿ ಆಡಿಸಿದರು. ನಾಮಕರಣಕ್ಕೆ ಮೊದಲೇ ಮಗುವನ್ನು ಹೆಸರಿಟ್ಟು ಕರೆದವರು ಅವರು.

ಗಿಟಾರು ಹಿಡಿದ ಹುಡುಗರು

ಈಗ 1960ರ ದಶಕಕ್ಕೆ ಬರೋಣ. ಆಕಾಶವಾಣಿಯಲ್ಲಿ ಸಿಗದ ಹಾಡನ್ನು ರೇಡಿಯೋ ಸಿಲೋನಿನಲ್ಲಿ ಕೇಳಿ ಬೆಳೆದ ಹುಡುಗರ ಕೈಗೆ ಆಗ ಗಿಟಾರು ಬಂತು. ಪರದೇಶದ ವಾದ್ಯ, ಯಂತ್ರಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿದ್ದ ಕಾಲವದು. ಧ್ವನಿವರ್ಧಕವನ್ನು ಊರಿನ ರೇಡಿಯೋ ರಿಪೇರಿಯವನಿಂದ ಕಟ್ಟಿಸಿಕೊಂಡು, ಪರದೇಶದಿಂದ ಯಾರಾದರೂ ತಂದ ತಟ್ಟೆಯನ್ನು ನೂರು ಸಲ ಕೇಳಿ ಪದಗಳನ್ನು ಬರೆದುಕೊಂಡು ಕಲಿಯಬೇಕಾಗಿತ್ತು. ಏಕಲವ್ಯನಿಗಾದರೂ ಗುರುವಿನ ಮಣ್ಣಿನ ಮೂರ್ತಿಯಿತ್ತು. ಇವರಿಗೆ ಇದ್ದದ್ದು ತಿರುಗುವ ತಟ್ಟೆಯೊಂದೇ.

ಮುಂಬಯಿಯಲ್ಲಿ ‘ಜೆಟ್ಸ್’, ‘ಸ್ಯಾವೇಜಸ್’, ‘ಕಂಬಸ್ಟಿಬಲ್ಸ್’ ಮೊದಲಾದ ಗುಂಪುಗಳು, ಮದ್ರಾಸಿನಲ್ಲಿ ‘ಮಸ್ಟ್ಯಾಂಗ್ಸ್’, ಹೀಗೆ ಊರೂರಿಗೆ ಗುಂಪುಗಳು ಎದ್ದವು. 1967ರಲ್ಲಿ ಕಲಕತ್ತೆಯಿಂದ ಹೊರಟ ‘ಜೂನಿಯರ್ ಸ್ಟೇಟ್ಸ್‌ಮನ್’ ವಾರಪತ್ರಿಕೆಯು ಈ ಹುಡುಗರ ಸುದ್ದಿಯನ್ನು ದೇಶಕ್ಕೆಲ್ಲ ಹಂಚಿತು. 1968ರ ಜನವರಿಯಲ್ಲಿ ಬೀಟಲ್ಸರ ಜಾರ್ಜ್ ಹ್ಯಾರಿಸನ್ನನೇ ಮುಂಬಯಿಗೆ ಬಂದು, ಕೋಟೆಯ ಫಿರೋಜ್‌ಷಾ ಮೆಹತಾ ರಸ್ತೆಯಲ್ಲಿದ್ದ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ಸಿತಾರು, ಶಹನಾಯಿ, ಸಾರೋದ ವಾದಕರನ್ನು ಕೂಡಿಸಿಕೊಂಡು ಚಿತ್ರವೊಂದರ ಸಂಗೀತವನ್ನು ಮುದ್ರಿಸಿಕೊಂಡನು. ಅವನು ನಮ್ಮ ವಾದ್ಯಗಳನ್ನು ಹುಡುಕಿಕೊಂಡು ಇಲ್ಲಿಗೆ ಬಂದ. ನಮ್ಮ ಹುಡುಗರು ಅವನ ವಾದ್ಯವನ್ನು ಅಪ್ಪಿಕೊಂಡಿದ್ದರು. ಅದೇ ವರ್ಷ ‘ಸರ್ಫರ್ಸ್’ ಎಂಬ ಗುಂಪಿನೊಡನೆ ಆಶಾ ಪುತ್ಲಿ ಎಂಬ ಮುಂಬಯಿಯ ತರುಣಿಯು ಹಾಡಿದ ಒಂದು ಪುಟ್ಟ ತಟ್ಟೆಯೂ ಹೊರಬಂತು. ಆಕೆ ಅಮೇರಿಕಕ್ಕೆ ಹೋಗಿ, ಆರ್ನೆಟ್ ಕೋಲ್ಮನ್ ಎಂಬ ಮಹಾ ಜಾಜ್ ವಾದಕನ ತಟ್ಟೆಯಲ್ಲಿ ಹಾಡಿ ಹೆಸರಾದರು. ‘ಸರ್ಫರ್ಸ್’ ಹುಡುಗರ ಹೆಸರನ್ನು ಇಂದು ಕೇಳುವವರಿಲ್ಲ.

ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ಗುಂಪು ಕಟ್ಟಿದ ಕೊಡಗಿನ ಮನೆತನದ ಹುಡುಗ ಬಿದ್ದು ಅಪ್ಪಯ್ಯನವರದು ಇನ್ನೊಂದು ಕಥೆ. ಬೆಂಗಳೂರು, ಕಲಕತ್ತೆ, ಮುಂಬಯಿಗಳಲ್ಲಿ ಹಾಡಿ, 1960ರ ದಶಕ ಮುಗಿಯುವುದರೊಳಗೆ ಅವರು ಇಂಗ್ಲೆಂಡನ್ನು ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ತಟ್ಟೆಯನ್ನು ಅವರು ನಿರ್ಮಿಸಿದರು. ಅದು ಇಂಗ್ಲೆಂಡ್ ಅಮೇರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಹಾಡಿಗೆ ಸ್ವರ ಕೂಡಿಸಿದವರೂ ಅವರೇ. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ವೂ ಅವರದೇ. ಗಣೇಶೋತ್ಸವದ ಮಂಟಪಗಳಲ್ಲಿ ಆ ಹಾಡುಗಳಿಗೆ ಕುಣಿದ ನಮ್ಮ ಕನ್ನಡದ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದರ ಮೂಲ ಕೊಡಗೆಂದು ತಿಳಿದಿತ್ತು?

ಷಣ್ಮುಖಾನಂದದ ಸ್ಪರ್ಧೆ

ತಟ್ಟೆ ಹುಡುಕುವವರು ಪಿಸುಮಾತಿನಲ್ಲಿ ಹೇಳುವ ಒಂದು ಹೆಸರಿದೆ: ‘ಸಿಮ್ಲಾ ಬೀಟ್’. ಇಂಪೀರಿಯಲ್ ತಂಬಾಕು ಕಂಪನಿಯು ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ ಅಖಿಲ ಭಾರತ ಮಟ್ಟದಲ್ಲಿ ಗಿಟಾರು ಗುಂಪುಗಳ ಸ್ಪರ್ಧೆಯನ್ನು ಏರ್ಪಡಿಸುತ್ತಿತ್ತು. ಊರೂರಿನ ಗುಂಪುಗಳು ಮುಂಬಯಿಗೆ ಬಂದು, ನಮ್ಮ ಮಾಟುಂಗಾದ ಪಕ್ಕದಲ್ಲಿಯೇ ಇರುವ ಷಣ್ಮುಖಾನಂದ ಸಭಾಗೃಹದಲ್ಲಿ ಸೆಣಸಿದವು. ಮೈಸೂರು ಅಸೋಸಿಯೇಷನ್ನಿನ ನಾಟಕ ನೋಡಲು ನಮ್ಮ ಹಿರಿಯರು ನಡೆದುಹೋಗುತ್ತಿದ್ದ ಅದೇ ವಠಾರದ ಬೀದಿಗಳಲ್ಲಿ, ಶಿಲ್ಲಾಂಗಿನ, ಕಲಕತ್ತೆಯ, ಮದ್ರಾಸಿನ, ಬೆಂಗಳೂರಿನ ಉದ್ದಗೂದಲ ಹುಡುಗರು ಗಿಟಾರಿನ ಪೆಟ್ಟಿಗೆ ಹೊತ್ತು ಓಡಾಡಿದರು. ಕರ್ನಾಟಕ ಸಂಗೀತದ ಕಚೇರಿಗೆಂದು 1963ರಲ್ಲಿ ತೆರೆದ ಆ ರಂಗದ ಮೇಲೆ ವಿದ್ಯುತ್ ಗಿಟಾರು ಗರ್ಜಿಸಿತು.

1970 ಮತ್ತು 1971ರ ಸ್ಪರ್ಧೆಗಳಿಗೆ ಒಂದೊಂದು ಲಾಂಗ್ ಪ್ಲೇ ತಟ್ಟೆ ಹೊರಬಂತು. ಮದ್ರಾಸಿನ ‘ಕನ್‌ಫ್ಯೂಷನ್ಸ್’, ಶಿಲ್ಲಾಂಗಿನ ‘ಫೆಂಟೋನ್ಸ್’, ಕಲಕತ್ತೆಯ ‘ಗ್ರೇಟ್ ಬೇರ್’, ಬೆಂಗಳೂರಿನ ‘ಡೈನೋಸಾರ್ಸ್’ ಮೊದಲಾದ ಗುಂಪುಗಳ ಹಾಡುಗಳು ಅವುಗಳಲ್ಲಿವೆ. ಕೆಲವು ಪರದೇಶದ ಹಾಡುಗಳ ಅನುಕರಣೆ, ಕೆಲವು ಹುಡುಗರೇ ಕಟ್ಟಿದವು. ಸಿಗರೇಟಿನ ಜಾಹೀರಾತಿಗೆಂದು ಹೊರಟ ತಟ್ಟೆಯಾದುದರಿಂದ ಅಂಗಡಿಯ ಹಾಡಿನ ತಟ್ಟೆಗಳಂತೆ ವರ್ಷವರ್ಷವೂ ಮರುಮುದ್ರಣವಾಗಲಿಲ್ಲ. 1990ರಲ್ಲಿ ಷಣ್ಮುಖಾನಂದಕ್ಕೆ ಬೆಂಕಿ ಬಿದ್ದು ಹಳೆಯ ಸಭಾಗೃಹವು ಹೋಯಿತು. ಈಗ ನಾವು ಕಾಣುವುದು 1998ರಲ್ಲಿ ಮತ್ತೆ ತೆರೆದ ಕಟ್ಟಡ. ಆ ಸ್ಪರ್ಧೆಗಳ ಸದ್ದು ಉಳಿದಿರುವುದು ಆ ಎರಡು ತಟ್ಟೆಗಳಲ್ಲಿ.

ಅವನ್ನು ಬೆಲೆಯಿರುವ ವಸ್ತುವೆಂದು ಮೊದಲು ಗುರುತಿಸಿದವರು ಯುರೋಪು ಅಮೇರಿಕಗಳ ಸಂಗ್ರಾಹಕರು. ಅಲ್ಲಿ 1972ರಲ್ಲಿ ಲೆನ್ನಿ ಕೇ ಎಂಬವನು ಮರೆತುಹೋದ ಅಮೇರಿಕದ ಗುಂಪುಗಳ 27 ಹಾಡುಗಳನ್ನು ಆರಿಸಿ ‘ನಗೆಟ್ಸ್’ ಎಂಬ ಜೋಡಿ ತಟ್ಟೆಯನ್ನು ಹೊರತಂದ ಮೇಲೆ, ಸೋತ ಗುಂಪುಗಳ ತಟ್ಟೆ ಹುಡುಕುವ ಹವ್ಯಾಸವು ಹಬ್ಬಿತು. ಆ ಹೆಸರಿನ ಅರ್ಥವೇ ಬಂಗಾರದ ಗಟ್ಟಿಗಳೆಂದು. ಅವರ ದೃಷ್ಟಿ ಬ್ರೆಜಿಲ್, ಟರ್ಕಿಗಳ ಮೇಲೆ ಹರಿದಂತೆ ನಮ್ಮ ಮೇಲೂ ಹರಿಯಿತು. ‘ಸಿಮ್ಲಾ ಬೀಟ್’ ಜರ್ಮನಿಯಲ್ಲಿ ಮರುಮುದ್ರಣವಾಯಿತು. ನಮ್ಮಲ್ಲಿ ತೂಕಕ್ಕೆ ಹೋಗುತ್ತಿದ್ದುದು ಅಲ್ಲಿ ಹರಾಜಿಗೆ ಏರಿತು.

ಕನ್ನಡಕ್ಕೇನು ಲಾಭ?

“ಅಯ್ಯಾ, ಅವರು ಹಾಡಿದ್ದು ಇಂಗ್ಲಿಷಿನಲ್ಲಿ. ಪರರ ಹಾಡನ್ನು ಪರರ ವೇಷದಲ್ಲಿ ಹಾಡಿದವರು ಮರೆತುಹೋದರೆ ನಮಗೇನು?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆ ಎರಡು ‘ಸಿಮ್ಲಾ ಬೀಟ್’ ತಟ್ಟೆಗಳಲ್ಲಿ ಕನ್ನಡದ ಹಾಡು ಒಂದೂ ಇಲ್ಲ. ಬೆಂಗಳೂರಿನಿಂದ ಹೊರಟವರು ಕನ್ನಡವನ್ನು ಗಿಟಾರಿಗೆ ಕೂಡಿಸಿ ಷಣ್ಮುಖಾನಂದದಲ್ಲಿ ಒಂದು ಹಾಡು ಹಾಡಿದ್ದರೆ ನಮ್ಮ ಎದೆ ಎಷ್ಟು ಉಬ್ಬುತ್ತಿತ್ತು! ಆ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಮುಂಬಯಿಯ ಕನ್ನಡಿಗರಾದ ನಾವು ಈ ವಿಷಯದಲ್ಲಿ ಬೇಗನೆ ತೀರ್ಪು ಕೊಡಬಾರದು. ನಮ್ಮ ಮಕ್ಕಳಿಗೆ ಅಡಿಗೆಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಮನೆಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಅವರು ಯಾವ ಭಾಷೆಯಲ್ಲಿ ಗುನುಗಿದರೂ ಆ ಗುನುಗು ನಮ್ಮ ಮನೆಯದೇ. ನನ್ನ ಬಳಿ ಎರಡು ತಟ್ಟೆಗಳಿವೆ. ಉಪನಗರದ ರದ್ದಿ ಅಂಗಡಿಯಲ್ಲಿ ಒಂದೇ ಕಟ್ಟಿನಲ್ಲಿ ಸಿಕ್ಕವು. ಒಂದು ಪಿ. ಕಾಳಿಂಗರಾಯರ ಭಾವಗೀತೆ, ಇನ್ನೊಂದು ಬೀಟ್ ಗುಂಪೊಂದರ ಪುಟ್ಟ ತಟ್ಟೆ. ಎರಡರ ಹೊದಿಕೆಯ ಮೇಲೂ ಒಂದೇ ಕೈಯ ದುಂಡನೆಯ ಕನ್ನಡ ಅಕ್ಷರ: “ಕೇಳಿದ ಮೇಲೆ ತಿರುಗಿ ಕೊಡತಕ್ಕದ್ದು.” ಕೆಳಗೆ ಹೆಸರಿದ್ದ ಜಾಗದಲ್ಲಿ ಗೆದ್ದಲು ತಿಂದು ತೂತಾಗಿದೆ. ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಕಾಳಿಂಗರಾಯರನ್ನೂ ಕೇಳಿದರು, ಗಿಟಾರನ್ನೂ ಕೇಳಿದರು, ಎರಡನ್ನೂ ನೆರೆಯವರಿಗೆ ಕಡ ಕೊಟ್ಟರು. ಕನ್ನಡ ಮತ್ತು ಇಂಗ್ಲಿಷುಗಳ ನಡುವೆ ನಾವು ಕಟ್ಟುವ ಗೋಡೆ ಆ ಮನೆಯಲ್ಲಿ ಇರಲಿಲ್ಲ. ತಿರುಗಿ ಕೊಡೋಣವೆಂದರೆ ಕೊಡುವುದು ಯಾರಿಗೆ?

ವಾರಸುದಾರರಿಲ್ಲದ ಠೇವಣಿ

ನನ್ನ ಉದ್ಯೋಗದ ಭಾಷೆಯಲ್ಲಿ ಒಂದು ಮಾತು ಹೇಳುತ್ತೇನೆ. ಬ್ಯಾಂಕಿನಲ್ಲಿ ಹತ್ತು ವರ್ಷಗಳವರೆಗೆ ಯಾರೂ ಮುಟ್ಟದ, ಯಾರೂ ಕೇಳದ ಠೇವಣಿಯಿದ್ದರೆ ಅದನ್ನು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸಬೇಕು. 2014ರಿಂದ ಈ ಏರ್ಪಾಡಿದೆ. ವರ್ಗಾವಣೆಯಾಯಿತೆಂದು ಹಣ ಮುಳುಗಲಿಲ್ಲ. ಖಾತೆದಾರನಾಗಲಿ ಅವನ ವಾರಸುದಾರರಾಗಲಿ ಎಂದು ಬಂದು ಕೇಳಿದರೂ ಬ್ಯಾಂಕು ಕೊಡಲೇಬೇಕು. ಇದು ಸಾಧ್ಯವಾಗುವುದು ಒಂದೇ ಕಾರಣದಿಂದ: ವಹಿಯಲ್ಲಿ ಹೆಸರು ಬರೆದಿರುತ್ತದೆ. ಹೆಸರಿಲ್ಲದ ಠೇವಣಿಗೆ ವಾರಸುದಾರನೂ ಇಲ್ಲ.

ಗಿಟಾರು ಗುಂಪುಗಳ ತಟ್ಟೆಗಳ ಗತಿ ಇದೇ. ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಗುಂಪಿನ ಹೆಸರು, ಹಾಡಿನ ಹೆಸರು, ಒಂದು ಸಂಖ್ಯೆ, ಇಷ್ಟೇ. ಹೊದಿಕೆ ಹೋಯಿತೆಂದರೆ ಡೋಲು ಬಾರಿಸಿದ ಹುಡುಗ ಯಾರು, ಹಾಡಿದವನು ಯಾರು ಎಂದು ಹೇಳುವುದು ಏನೂ ಇರುವುದಿಲ್ಲ. ಬೀಳಗಿಯ ಹೆಣ್ಣುಮಗಳು ತನ್ನ ನಾಡಿನ ಹೆಸರನ್ನು ತಟ್ಟೆಗೆ ಅಂಟಿಸಿಕೊಂಡು ಹೋದಳು. ಅವಳನ್ನು ನಾವು ಹುಡುಕಿ ತಂದೆವು. ಆ ಹುಡುಗರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು ದಾಟಿರಬೇಕು. ಯಾರೋ ಒಬ್ಬರು ಚೆಂಬೂರಿನಲ್ಲಿಯೋ ಜಯನಗರದಲ್ಲಿಯೋ ಪಿಂಚಣಿಯ ಮೇಲಿರಬಹುದು. ಅಜ್ಜ ಒಂದು ಕಾಲದಲ್ಲಿ ಮೂರು ಸಾವಿರ ಜನರ ಸಭಾಗೃಹವನ್ನು ನಡುಗಿಸಿದ್ದನೆಂದು ಮೊಮ್ಮಕ್ಕಳಿಗೆ ತಿಳಿದಿರಲಾರದು. ಕೇಳಿ ಬರೆದುಕೊಳ್ಳುವುದಕ್ಕೆ ಕಾಲ ಹೆಚ್ಚು ಉಳಿದಿಲ್ಲ.

ಕಾನೂನಿನ ಗಡಿಯಾರವೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಮೇಲಿನ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ನಡೆಯುತ್ತದೆ. 1970ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕು 2030ರ ಕೊನೆಗೆ ಮುಗಿಯುವುದು. ಆಮೇಲೆ ಆ ಮುದ್ರಣವನ್ನು ಎಲ್ಲರಿಗೂ ಕೇಳಿಸುವುದಕ್ಕೆ ಧ್ವನಿಮುದ್ರಣದ ಹಕ್ಕು ಅಡ್ಡಿಯಾಗದು. ಆದರೆ ಆ ದಿನ ಬರುವಾಗ ಕೇಳಿಸುವುದಕ್ಕೆ ಒಂದು ಒಳ್ಳೆಯ ಪ್ರತಿಯಾದರೂ, ಹೇಳುವುದಕ್ಕೆ ನಾಲ್ಕು ಹೆಸರುಗಳಾದರೂ ಉಳಿದಿರಬೇಡವೆ?

ಮಾಡಬೇಕಾದುದು

ಕಾಲಾಘೋಡಾದಲ್ಲಿ 1948ರಿಂದ ತಟ್ಟೆ ಮಾರುತ್ತಿದ್ದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಮಾಟುಂಗಾ, ದಾದರ, ಸಾಂತಾಕ್ರೂಜ್, ಡೊಂಬಿವಿಲಿಗಳಲ್ಲಿ ಹಳೆಯ ಚಾಳುಗಳೂ ಕಟ್ಟಡಗಳೂ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವ ವಾರದಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುವುದು; ಹಾಡುವ ಪೆಟ್ಟಿಗೆ ಕೆಟ್ಟು ವರ್ಷಗಳಾಗಿವೆಯೆಂದು ತಟ್ಟೆಗಳು ಭಂಗಾರದವನ ಗಾಡಿಗೆ ಏರುವುವು. ನನಗೆ ಸಿಗುವ ತಟ್ಟೆಗಳಲ್ಲಿ ಬಹುಪಾಲು ಬರುವುದು ಹೀಗೆಯೇ. ಅವು ನನಗೆ ಸಿಗುವುದಕ್ಕಿಂತ ನಿಮ್ಮ ಮನೆಯಲ್ಲಿ ಉಳಿಯುವುದೇ ಲೇಸು.

ಆದುದರಿಂದ ಬಂಧುಗಳಲ್ಲಿ ಕೆಲವು ಬಿನ್ನಹಗಳು. ಟ್ರಂಕು ತೆರೆದಾಗ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ. 78 ಸುತ್ತಿನ ತಟ್ಟೆಗೆ ಲಾಂಗ್ ಪ್ಲೇಯ ಮುಳ್ಳು ಹಚ್ಚಬೇಡಿ. ಲೇಬಲ್ಲನ್ನು ಒರಸಿ ತೊಳೆಯಬೇಡಿ. ಅದೇ ತಟ್ಟೆಯ ಜನ್ಮಪತ್ರಿಕೆ. ಬೇಡವೆನಿಸಿದರೆ ತೂಕಕ್ಕೆ ಹಾಕುವ ಮೊದಲು ಬಲ್ಲವರನ್ನು ಕೇಳಿ. ಈ ನಗರದಲ್ಲಿಯೇ 1990ರಲ್ಲಿ ಸುರೇಶ ಚಾಂದವಣಕರ ಮತ್ತು ಗೆಳೆಯರು ಭಾರತೀಯ ಧ್ವನಿತಟ್ಟೆ ಸಂಗ್ರಾಹಕರ ಸಂಸ್ಥೆಯನ್ನು ಕಟ್ಟಿ, ತಟ್ಟೆಗಳ ವಿಷಯಕ್ಕೇ ಮೀಸಲಾದ ಪತ್ರಿಕೆಯನ್ನು ನಡೆಸಿ ದಾರಿ ತೋರಿಸಿದ್ದಾರೆ.

ಕೊನೆಯದಾಗಿ, ತಟ್ಟೆ ಇರಲಿ ಇಲ್ಲದಿರಲಿ, ಹೆಸರು ಬರೆದಿಡಿ. ಈ ಊರಿನಲ್ಲಿ ನಾವು ಆಡಿದ ನಾಟಕಗಳೆಷ್ಟು, ಕುಣಿದ ಯಕ್ಷಗಾನಗಳೆಷ್ಟು, ರಾಜ್ಯೋತ್ಸವದ ವೇದಿಕೆಗಳಲ್ಲಿ ಹಾಡಿದ ಹಾಡುಗಳೆಷ್ಟು! ಹಾರ್ಮೋನಿಯಮ್ ಬಾರಿಸಿದವರು ಯಾರು, ಮದ್ದಳೆಗೆ ಕೂತವರು ಯಾರು, ಪಕ್ಕದ ಗೋವೆಯ ಹುಡುಗನ ಗಿಟಾರನ್ನು ಕಡ ತಂದು ಭಾವಗೀತೆಗೆ ಜೊತೆ ಕೊಟ್ಟವರು ಯಾರು? ಸಂಘದ ವಾಚನಾಲಯದಲ್ಲಿ ಇದಕ್ಕಾಗಿ ಒಂದು ವಹಿ ತೆರೆಯೋಣ. ಎಡಗಡೆ ವರ್ಷ, ನಡುವೆ ಕಾರ್ಯಕ್ರಮ, ಬಲಗಡೆ ಹೆಸರುಗಳು. ಬರೆಯುವ ಕೆಲಸಕ್ಕೆ ನಾನು ಸಿದ್ಧ. ನೆನಪು ಮಾತ್ರ ಹಿರಿಯರು ಕೊಡಬೇಕು.